ಕ್ವಿಲ್ಲಿಂಗ್ ಶುರು ಮಾಡಿದ್ದೇನೆ, ರಟ್ಟು ಡೊಂಕಾಗುತ್ತಿದೆ. ನಾಲ್ಕು ಜನರನ್ನು ಜೊತೆಗೆ ಕೂರಿಸಿಕೊಂಡು ಮಾಡೋದು ಹೇಗೆ?

ಆಟಿಮಳೆ (ಪುತ್ತೂರು)

ಎಲ್ಲರಿಗೂ ನಮಸ್ಕಾರ.

ಮಗಳ ಬೇಸಿಗೆ ಶಿಬಿರಕ್ಕೆ ಅಂತ ಒಂದು ಕ್ವಿಲ್ಲಿಂಗ್ ಕಿಟ್ ತಂದಿದ್ದೆ, ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ ರಟ್ಟಿನ ಮೇಲೆ ಅಂಟಿಸಿ ಹೂ, ಎಲೆ ಮಾಡೋದು. ಅವಳು ಎರಡು ಹೂ ಮಾಡಿ ಕಪಾಟಿಗೆ ತಳ್ಳಿದಳು. ಈಗ ಅದು ನನ್ನದು. ನಾನು ಇಲ್ಲಿನ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ದಿನವಿಡೀ ನೋಟು ಎಣಿಸುವ ಬೆರಳು, ಕಾಗದ ಹಿಡಿಯೋದಕ್ಕೆ ಹೆದರಿಕೆ ಇಲ್ಲ. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಟೀವಿ ಎದುರು ಕೂತು ಪಟ್ಟಿ ಸುತ್ತುತ್ತೇನೆ. ಧಾರಾವಾಹಿಯಲ್ಲಿ ಯಾರು ಯಾರನ್ನು ಮನೆಯಿಂದ ಹೊರಗೆ ಹಾಕಿದರು ಅಂತ ಈಗೀಗ ನನಗೆ ಗೊತ್ತೇ ಆಗೋದಿಲ್ಲ. ಅದೂ ಒಂದು ಲಾಭ ಬಿಡಿ.

ನನ್ನ ಹತ್ತಿರ ಇರೋದು 3 ಮತ್ತು 5 ಮಿ.ಮೀ. ಪಟ್ಟಿಗಳು, ತುದಿ ಸೀಳಿದ ಟೂಲ್ ಒಂದು, ವೃತ್ತಗಳ ಸ್ಟೆನ್ಸಿಲ್, ಫೆವಿಕಾಲ್. ಟೈಟ್ ಕಾಯಿಲ್ (ಬಿಗಿ ಸುರುಳಿ), ಲೂಸ್ ಕಾಯಿಲ್ (ಸಡಿಲ ಬಿಟ್ಟ ಸುರುಳಿ), ಹನಿ ಆಕಾರ, ಎರಡೂ ತುದಿ ಚೂಪು ಇರೋ ಎಲೆ ಆಕಾರ, ಇಷ್ಟೆಲ್ಲ ಬರುತ್ತದೆ. ಆದರೆ ಕೆಲವು ಕಾಟಗಳಿವೆ.

ಒಂದೇ ಉದ್ದದ ಪಟ್ಟಿ ತೆಗೆದುಕೊಂಡರೂ ಒಂದು ಎಸಳು ದೊಡ್ಡದು, ಇನ್ನೊಂದು ಚಿಕ್ಕದು. ಹೂವಿಗೆ ಒಂದು ಕಡೆ ಕೆನ್ನೆ ಊದಿಕೊಂಡ ಹಾಗೆ ಕಾಣುತ್ತದೆ. ಸುರುಳಿಯ ಮಧ್ಯದಲ್ಲಿ ಟೂಲಿನ ಗುರುತು ಕೊಕ್ಕೆಯಾಗಿ ಉಳಿಯುತ್ತದೆ. ಅಂಟು ಒಣಗಿದ ಮೇಲೆ ಹೊಳೆಯುತ್ತದೆ. ಎಲ್ಲಕ್ಕಿಂತ ಬೇಜಾರು ಅಂದರೆ ಹಿಂದಿನ ರಟ್ಟು ಡೊಂಕಾಗುವುದು. ಇಲ್ಲಿ ಈಗ ಜೋರು ಮಳೆ. ಬಟ್ಟೆಯೇ ಒಣಗೋದಿಲ್ಲ, ಇನ್ನು ಕಾಗದದ ಕಥೆ ಕೇಳಬೇಕಾ? ಪಟ್ಟಿ ಮೆತ್ತಗಾಗಿ, ಬಿಗಿಯಾಗಿ ಸುತ್ತಿದರೂ ಸ್ವಲ್ಪ ಹೊತ್ತಿಗೆ ಸಡಿಲ.

ಎರಡನೆಯ ವಿಷಯ. ನೋಡಿದವರೆಲ್ಲ ಹೇಳೋದು ಒಂದೇ ಮಾತು, "ಮಾರಿ, ಆನ್‌ಲೈನಿನಲ್ಲಿ ಹಾಕಿ." ನನಗೆ ಮಾರುವ ಆಸೆ ಇಲ್ಲ. ಕೌಂಟರಿನಲ್ಲಿ ಲೆಕ್ಕ ಮಾಡಿದ್ದು ಸಾಲದಾ? ನನಗೆ ಬೇಕಿರೋದು ಜೊತೆಗೆ ಕೂತು ಸುತ್ತುವವರು. ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ಒಂದು ಮೇಜು ಕೊಡುತ್ತೇವೆ ಅಂತ ಹೇಳಿದ್ದಾರೆ. ಬೀಡಿ ಕಟ್ಟುವ ಇಬ್ಬರು, ಒಬ್ಬರು ಅಂಗನವಾಡಿಯವರು, ಪಕ್ಕದ ಮನೆ ಅಜ್ಜಿ, ಇಷ್ಟು ಜನ ಬರುತ್ತಾರೆ. ಮೊದಲ ದಿನ ಏನು ಮಾಡಿಸಲಿ? ಖರ್ಚು ಕಡಿಮೆ ಇರಬೇಕು. ಹೂವಿನಿಂದಲೇ ಶುರು ಮಾಡಿದರೆ ಅರ್ಧಕ್ಕೆ ಎದ್ದು ಹೋಗುತ್ತಾರೋ ಏನೋ.

ತಿಳಿದವರು ಹೇಳಿ.

---

ಸೂಜಿದಾರ (ಹಾಸನ)

ಮಧ್ಯದ ಕೊಕ್ಕೆಗೆ ಮದ್ದು ಇದೆ ಅಕ್ಕ. ಕಿಟ್‌ನಲ್ಲಿ ಬರೋ ಟೂಲಿನ ಸೀಳು ದಪ್ಪ, ಅದಕ್ಕೇ ಗುರುತು ಬೀಳೋದು. ಸ್ವೆಟರ್ ಹೊಲಿಯೋ ದಪ್ಪ ಸೂಜಿ ತಗೊಂಡು, ಅದರ ಕಣ್ಣಿನ ಮೇಲ್ತುದಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಚಿವುಟಿ. ಕಣ್ಣು ಬಾಯಿ ತೆರೆದುಕೊಂಡು ಸಣ್ಣ ಸೀಳು ಆಗುತ್ತದೆ. ಚೂಪು ತುದಿಯನ್ನು ಹಳೇ ಪೆನ್ನಿನ ಕೊಳವೆಗೆ ಎಂಸೀಲ್ ಹಾಕಿ ಕೂರಿಸಿ. ಚಿವುಟುವಾಗ ಮೇಲೆ ಒಂದು ಬಟ್ಟೆ ಮುಚ್ಚಿ, ಚೂರು ಕಣ್ಣಿಗೆ ಹಾರುತ್ತದೆ.

ಇನ್ನೂ ನಯ ಬೇಕಾದರೆ ಸೀಳೇ ಬೇಡ. ಪಟ್ಟಿಯ ತುದಿಯನ್ನು ನಾಲಿಗೆಗೆ ಸ್ವಲ್ಪ ತಾಗಿಸಿ, ಸಾದಾ ಸೂಜಿಗೆ ಬೆರಳಿನಲ್ಲೇ ಒತ್ತಿ ಸುತ್ತಿ. ಶುರುವಿನಲ್ಲಿ ಜಾರುತ್ತದೆ, ಕೈಗೆ ಬಂದ ಮೇಲೆ ಬಿಡೋಕೆ ಆಗಲ್ಲ.

ಹೊಳೆಯೋ ಅಂಟಿಗೆ: ಬಾಟಲಿಯಿಂದ ನೇರ ಹಾಕಬೇಡಿ. ಡಬ್ಬದ ಮುಚ್ಚಳದ ಮೇಲೆ ಒಂದು ಹನಿ ಸವರಿ, ಕಡ್ಡಿಯಲ್ಲಿ ತಾಗಿಸಿದಷ್ಟೇ ಸಾಕು. ಹೂವನ್ನು ರಟ್ಟಿಗೆ ಕೂರಿಸೋವಾಗ ಅದನ್ನೇ ಇಕ್ಕಳದಲ್ಲಿ ಹಿಡಿದು, ಸವರಿದ ಅಂಟಿನ ಮೇಲೆ ಒಮ್ಮೆ ಕೂರಿಸಿ ಎತ್ತಿಬಿಡಿ.

---

ಬೈಂಡರ್ ಕಾಕಾ (ಗದಗ-ಬೆಟಗೇರಿ)

ತಂಗೀ, ನಾನು ಗದುಗಿನವನು. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರು, ಗೊತ್ತಿರಬೇಕು. ಅಲ್ಲಿ ಒಂದು ಪ್ರೆಸ್ಸಿನ ಬೈಂಡಿಂಗ್ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ರಸೀತಿ ಪುಸ್ತಕ, ಲೆಡ್ಜರ್, ಪಂಚಾಂಗ, ಮದುವೆ ಕಾರ್ಡು, ಎಲ್ಲವೂ ಕೈಯಲ್ಲಿ ಹಾದು ಹೋಗಿದೆ. ಆದ್ದರಿಂದ ಹೂವಿನ ಚಂದದ ಬಗ್ಗೆ ಬೇರೆಯವರು ಹೇಳಲಿ. ರಟ್ಟಿನ ಬಗ್ಗೆ ನಾನು ಹೇಳುತ್ತೇನೆ.

ನಿಮ್ಮ ರಟ್ಟು ಡೊಂಕಾಗೋದಕ್ಕೆ ಮಳೆಯೊಂದೇ ಕಾರಣ ಅಲ್ಲ. ನೀವು ರಟ್ಟಿನ ಮುಂದುಗಡೆ ಬಣ್ಣದ ಹಾಳೆ ಅಂಟಿಸಿರುತ್ತೀರಿ, ಹೌದಲ್ಲೋ? ಹಸಿ ಅಂಟು ತಾಗಿದ ಹಾಳೆ ಹಿಗ್ಗುತ್ತದೆ. ಒಣಗುವಾಗ ಕುಗ್ಗುತ್ತದೆ. ಕುಗ್ಗುವಾಗ ರಟ್ಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಿಂದುಗಡೆ ಎಳೆಯೋಕೆ ಯಾರೂ ಇಲ್ಲ. ಆಗ ಡೊಂಕಾಗದೆ ಇನ್ನೇನು ಆಗಬೇಕು? ಪುಸ್ತಕದ ರಟ್ಟಿಗೆ ಹೊರಗಡೆ ಬಟ್ಟೆ ಹಾಕಿದ ಮೇಲೆ ಒಳಗಡೆ ಎಂಡ್ ಪೇಪರ್ ಅಂಟಿಸುತ್ತೇವೆ. ಅದು ಬರೀ ಚಂದಕ್ಕೆ ಅಲ್ಲ, ರಟ್ಟನ್ನು ವಾಪಸ್ ಎಳೆದು ನೆಟ್ಟಗೆ ನಿಲ್ಲಿಸೋದಕ್ಕೆ. ನೀವೂ ಹಾಗೇ ಮಾಡಿ. ಮುಂದೆ ಅಂಟಿಸಿದ್ದೇ ಜಾತಿಯ ಹಾಳೆಯನ್ನು ಹಿಂದೆಯೂ ಅಂಟಿಸಿ. ಎರಡೂ ಕಡೆ ಒಂದೇ ದಿನ. ಆಮೇಲೆ ಮೇಲೆ ಕೆಳಗೆ ಒಣ ಪೇಪರ್ ಇಟ್ಟು, ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಒತ್ತಲಿ. ಒದ್ದೆ ಎಳೆದ ಪೇಪರನ್ನು ನಡುವೆ ಒಮ್ಮೆ ಬದಲಾಯಿಸಿ. ಸುರುಳಿ ಕೂರಿಸೋದು ರಟ್ಟು ಪೂರ್ತಿ ಒಣಗಿದ ಮೇಲೆ.

ಇನ್ನೊಂದು ಗುಟ್ಟು. ಕಾಗದಕ್ಕೂ ನಾರು ಇರುತ್ತದೆ. ಪ್ರೆಸ್ಸಿನಲ್ಲಿ ನಾವು ಗ್ರೇನ್ ಅನ್ನುತ್ತೇವೆ. ಕಾಗದ ತಯಾರಾಗುವ ಮಷಿನ್ನಿನಲ್ಲಿ ಹಾಳೆ ಯಾವ ಕಡೆ ಓಡುತ್ತದೋ ಆ ಕಡೆಗೇ ಹೆಚ್ಚಿನ ನಾರು ಮಲಗುತ್ತದೆ. ಒದ್ದೆ ಆದಾಗ ಕಾಗದ ನಾರಿನ ಉದ್ದಕ್ಕೆ ಅಷ್ಟಾಗಿ ಹಿಗ್ಗೋದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಿಂದಿನ ಹಾಳೆ, ಮುಂದಿನ ಹಾಳೆ ಎರಡರ ನಾರೂ ಒಂದೇ ದಿಕ್ಕಿಗೆ ಇರಬೇಕು. ಇಲ್ಲದಿದ್ದರೆ ರಟ್ಟು ಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ.

ಇದನ್ನು ಕಂಡುಹಿಡಿಯೋದು ಸುಲಭ. ಒಂದು ಹಾಳೆಯಿಂದ ಉದ್ದಕ್ಕೆ ಒಂದು ಪಟ್ಟಿ, ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿ. ಎರಡೂ ಒಂದೇ ಅಳತೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಒಂದೇ ತುದಿಯಲ್ಲಿ ಹಿಡಿದು ಗಾಳಿಯಲ್ಲಿ ಚಾಚಿ. ತಿರುಗಿಸಿ ಮತ್ತೆ ಚಾಚಿ. ಯಾವುದು ಜಾಸ್ತಿ ತಲೆ ಬಗ್ಗಿಸುತ್ತದೋ ಅದರಲ್ಲಿ ನಾರು ಅಡ್ಡ ಇದೆ. ಈಗ ಎರಡನ್ನೂ ಸುತ್ತಿ ನೋಡಿ. ನಾರು ಅಡ್ಡ ಇರೋದು ಮೆತ್ತಗೆ ಸುತ್ತಿಕೊಳ್ಳುತ್ತದೆ, ಆದರೆ ಎಳೆದರೆ ಬೇಗ ಹರಿಯುತ್ತದೆ. ನಾರು ಉದ್ದಕ್ಕೆ ಇರೋದು ಗಟ್ಟಿ, ಕೈ ಬಿಟ್ಟ ಕೂಡಲೇ ಪುಟಿದು ಬಿಚ್ಚಿಕೊಳ್ಳೋಕೆ ನೋಡುತ್ತದೆ. ನಾನು ಎಸಳಿಗೆ ಮೊದಲನೆಯದು, ಅಂಚು ಮತ್ತು ದಂಟಿಗೆ ಎರಡನೆಯದು ಬಳಸುತ್ತೇನೆ. ನಿಮ್ಮ ಎಸಳು ಹೆಚ್ಚು ಕಡಿಮೆ ಆಗೋದಕ್ಕೆ ಇದೂ ಒಂದು ಕಾರಣ ಇರಬಹುದು. ಬೇರೆ ಬೇರೆ ಪ್ಯಾಕೆಟ್ಟಿನ ಪಟ್ಟಿ ಬೆರೆಸಿದರೆ ಉದ್ದ ಒಂದೇ ಇದ್ದರೂ ಬಿಚ್ಚಿಕೊಳ್ಳೋ ಗುಣ ಬೇರೆ. ದಪ್ಪವೂ ಬೇರೆ. ಒಂದು ಹೂವಿಗೆ ಒಂದೇ ಪ್ಯಾಕೆಟ್.

ಸುತ್ತಿದ ಮೇಲೆ ಸ್ಟೆನ್ಸಿಲ್ಲಿನ ಒಂದೇ ತೂತಿನಲ್ಲಿ ಬಿಡಿ, ಪೂರ್ತಿ ಅರಳಿ ನಿಲ್ಲಲಿ. ಆಮೇಲೆ ಮಧ್ಯದ ಸುತ್ತನ್ನು ಗುಂಡುಸೂಜಿಯಿಂದ ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಚಿವುಟಿ. ಬರೀ ಚಿವುಟಿದರೆ ನಡುವಿನ ಸುತ್ತುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ಸರಿಸಿ ಚಿವುಟಿದರೆ ಐದೂ ಎಸಳಿನ ಒಳಗಿನ ಗೆರೆ ಒಂದೇ ಕಡೆ ವಾಲುತ್ತದೆ. ಜನ "ಎಷ್ಟು ನೀಟ್ ಬಂದಿದೆ" ಅನ್ನೋದು ಆ ಗೆರೆಗೆ. ಹೊರಗಿನ ಆಕಾರಕ್ಕೆ ಅಲ್ಲ.

ಖರ್ಚು ಕೇಳಿದಿರಿ. ಪಟ್ಟಿ ಕೊಳ್ಳಬೇಡಿ. ನಿಮ್ಮ ಪೇಟೆಯಲ್ಲೂ ಒಂದು ಪ್ರೆಸ್ ಇರುತ್ತದೆ. ಮುದ್ರಣ ಆದ ಮೇಲೆ ಅಂಚು ಸಮ ಮಾಡೋದಕ್ಕೆ ಕಟಿಂಗ್ ಮಷಿನ್ನಿನಲ್ಲಿ ಹಾಕುತ್ತಾರಲ್ಲ, ಆಗ ಬೀಳೋ ಪಟ್ಟಿ (ಟ್ರಿಮ್ಮಿಂಗ್ ಅನ್ನುತ್ತೇವೆ) ಹೆಚ್ಚಾಗಿ 3ರಿಂದ 5 ಮಿ.ಮೀ. ಇರುತ್ತದೆ. ನಮಗೆ ಬೇಕಾದ್ದೇ ಅಳತೆ! ಅದನ್ನೆಲ್ಲ ಚೀಲಕ್ಕೆ ತುಂಬಿ ರದ್ದಿಗೆ ಹಾಕುತ್ತಾರೆ. ಎರಡು ಮುಷ್ಟಿ ಕೇಳಿದರೆ ಯಾರೂ ಬೇಡ ಅನ್ನೋದಿಲ್ಲ. ಮದುವೆ ಕಾರ್ಡಿನ ಹೊರಗಿನ ರಟ್ಟು 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ) ಮೇಲೆ, ಅದು ಬೇಡ, ಸುತ್ತಿದರೆ ಬಿರುಕು ಬಿಡುತ್ತದೆ. ಜೆರಾಕ್ಸ್ ಹಾಳೆ 70, 80, ಅದು ಸೊರಗುತ್ತದೆ. ಕಾರ್ಡಿನ ಒಳಗೆ ಇಡುವ ಬಣ್ಣದ ಹಾಳೆ ಕೇಳಿ. 100ರಿಂದ 130 ಇದ್ದರೆ ಬಂಗಾರ.

ಬಂಗಾರ ಅಂದೆ, ನಿಜಕ್ಕೂ ಈ ಕಲೆ ಬೆಳೆದಿದ್ದೇ ಹಾಗೆ. ಯುರೋಪಿನ ಕಾನ್ವೆಂಟುಗಳಲ್ಲಿ, ಮುಖ್ಯವಾಗಿ ಫ್ರಾನ್ಸ್, ಇಟಲಿ ಕಡೆ, ಪುಸ್ತಕದ ಅಂಚಿಗೆ ಬಂಗಾರದ ಲೇಪ ಹಾಕುತ್ತಿದ್ದರು. ಅಂಚು ಕತ್ತರಿಸಿದಾಗ ಬಿದ್ದ ಚೂರನ್ನು ಸನ್ಯಾಸಿನಿಯರು ಹಕ್ಕಿಗರಿಯ ದಂಟಿಗೆ ಸುತ್ತಿ, ದೇವರ ಪಟಕ್ಕೂ ಪವಿತ್ರ ವಸ್ತು ಇಡುವ ಪೆಟ್ಟಿಗೆಗೂ ಅಲಂಕಾರ ಮಾಡುತ್ತಿದ್ದರು. ದೂರದಿಂದ ನೋಡಿದರೆ ಬಂಗಾರದ ತಂತಿ ಕೆಲಸ. ಖರೇ ಬಂಗಾರಕ್ಕೆ ದುಡ್ಡಿಲ್ಲದ ಕಡೆ ಇದು ನಡೆಯಿತು. ಅಂದರೆ ಬೈಂಡರನ ಕಸವೇ ಈ ಕಲೆಯ ಬಂಡವಾಳ. ಇದನ್ನು ಹೇಳುವಾಗ ನನಗೆ ಸ್ವಲ್ಪ ಎದೆ ಉಬ್ಬುತ್ತದೆ, ಮುಚ್ಚಿಡೋದು ಯಾಕೆ?

ನಾನು ಇದಕ್ಕೆ ಬಿದ್ದಿದ್ದೂ ಪ್ರೆಸ್ಸಿನಲ್ಲೇ. ಗಿರಾಕಿಯೊಬ್ಬರು ಸ್ಯಾಂಪಲ್ ಅಂತ ಒಂದು ಮದುವೆ ಕಾರ್ಡ್ ತಂದಿದ್ದರು. ಮೇಲೆ ಸುರುಳಿ ಕಾಗದದ ಮಾವಿನಕಾಯಿ. ಮಾಲೀಕರು ನನ್ನ ಮುಂದಿಟ್ಟು "ಆಗ್ತದೇನ್ರೀ?" ಅಂದರು. ಐನೂರು ಕಾರ್ಡಿಗೆ ಕೈಯಿಂದ ಯಾರು ಸುತ್ತುತ್ತಾರೆ, ಆಗೋದಿಲ್ಲ ಅಂದೆ. ಗಿರಾಕಿ ಹೋದರು, ಕಾರ್ಡ್ ಉಳಿಯಿತು. ಸಂಜೆ ಬಿಚ್ಚಿ ನೋಡಿದೆ. ಮೂರು ಬಣ್ಣದ ಪಟ್ಟಿ, ಒಂದು ಹನಿ ಅಂಟು, ಅಷ್ಟೇ. ಮನೆಗೆ ಹೋಗುವಾಗ ಕಿಸೆ ತುಂಬ ಟ್ರಿಮ್ಮಿಂಗ್ ತುಂಬಿಕೊಂಡು ಹೋದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ನಾಲ್ಕು ಜನ. ನಮ್ಮ ಓಣಿಯ ಗುಡಿ ಪಡಸಾಲೆಯಲ್ಲಿ ಭಾನುವಾರ ಕೂರುತ್ತೇವೆ. ನೇಕಾರರ ಮನೆಯ ಹೆಣ್ಣುಮಕ್ಕಳು ಜಾಸ್ತಿ. ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾರೆ, ಮಾತು ಜಾಸ್ತಿ, ಸುರುಳಿ ಕಡಿಮೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಎಲ್ಲರೂ ಸೇರಿ ಒಂದೇ ರಟ್ಟಿನ ಮೇಲೆ ಒಂದೇ ಕೆಲಸ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಟ್ಟರೆ ಪಕ್ಕದವರದ್ದು ಚಂದ, ನನ್ನದು ಚಂದ ಇಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮುಂದಿನ ವಾರ ಬರೋದಿಲ್ಲ. ಒಂದೇ ರಟ್ಟಾದರೆ ಯಾರದ್ದು ಯಾವುದು ಅಂತ ಯಾರು ಹುಡುಕುತ್ತಾರೆ? ಆದರೆ ಎಸಳು ಹಂಚಬೇಡಿ, ಹೂ ಹಂಚಿ. ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ. ರೊಟ್ಟಿ ಬಡಿಯೋ ಕೈಗೂ ಮಗ್ಗದಲ್ಲಿ ಎಳೆ ಹಿಡಿಯೋ ಕೈಗೂ ಅಂತರ ಇದೆ. ಒಂದು ಹೂವಿಗೆ ಐದು ಜನರ ಎಸಳು ಸೇರಿದರೆ ಅದು ಯಾವತ್ತೂ ಕೂರೋದಿಲ್ಲ. ಒಬ್ಬರೇ ಐದು ಎಸಳು ಸುತ್ತಿದರೆ, ಕೈ ಎಂಥದ್ದೇ ಇರಲಿ, ಐದೂ ಒಂದೇ ತರ ಬರುತ್ತದೆ. ಬಿಗಿ ಕೈಯವರ ಹೂ ಸಣ್ಣದು, ಸಡಿಲ ಕೈಯವರದ್ದು ದೊಡ್ಡದು. ದೊಡ್ಡದನ್ನು ನಡುವೆ ಇಟ್ಟು, ಸಣ್ಣದನ್ನು ಸುತ್ತ ಇಡಿ. ಮುಗಿಯಿತಲ್ಲ!

ಮೊದಲ ದಿನ ಹೂ ಬೇಡವೇ ಬೇಡ. ದ್ರಾಕ್ಷಿ ಗೊಂಚಲು ಮಾಡಿಸಿ. ಬರೀ ಟೈಟ್ ಕಾಯಿಲ್. ಚಿವುಟೋದು ಇಲ್ಲ, ಅರಳಿಸೋದು ಇಲ್ಲ, ಸಣ್ಣದು ದೊಡ್ಡದು ಬಂದರೂ ದ್ರಾಕ್ಷಿಯಲ್ಲಿ ಹಾಗೇ ಇರುತ್ತದೆ. ಅಜ್ಜಿಗೆ 5 ಅಲ್ಲ, 10 ಮಿ.ಮೀ. ಪಟ್ಟಿ ಕೊಡಿ. ಹಿಡಿಯೋಕೆ ಸಿಗುತ್ತದೆ, ಕಣ್ಣಿಗೂ ಕಾಣುತ್ತದೆ. 3 ಮಿ.ಮೀ. ಅನ್ನು ಹೊಸಬರ ಮುಂದೆ ಇಡಲೇಬೇಡಿ. ಬೀಡಿ ಕಟ್ಟುವವರು ಇದ್ದಾರೆ ಅಂದಿರಲ್ಲ, ಅವರು ನಿಮಗಿಂತ ಬೇಗ ಸುತ್ತುತ್ತಾರೆ, ನೋಡುತ್ತಿರಿ.

ಆಮೇಲೆ ಆಮೇಲೆ ನಿಮ್ಮ ಕಡೆಯ ವಿನ್ಯಾಸಕ್ಕೆ ಬನ್ನಿ. ನಮ್ಮ ಹೆಣ್ಣುಮಕ್ಕಳು ಕಿಟ್ ಜೊತೆ ಬರೋ ಗುಲಾಬಿ, ಚಿಟ್ಟೆ ಬಿಟ್ಟು ಕಸೂತಿಯ ಗೋಪುರ, ತೇರು, ನವಿಲು ಹಿಡಿದಿದ್ದಾರೆ. ಕಸೂತಿಯಲ್ಲಿ ಎಲ್ಲಾ ನೆಟ್ಟ ಗೆರೆ, ಓರೆ ಗೆರೆ. ಸುತ್ತೋ ಬದಲು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಮಡಚಿ ಅಂಟಿಸಿದರೆ ಗೋಪುರ ಏಳುತ್ತದೆ. ಒಳಗೆ ಮಾತ್ರ ಸಣ್ಣ ಸುರುಳಿ.

---

ಝುಮುಕಿ (ಬೆಂಗಳೂರು)

ಕಾಕಾ ಹೇಳಿದ ರಟ್ಟಿನ ವಿಷಯ ಸೇವ್ ಮಾಡಿಕೊಂಡೆ. ಇಷ್ಟು ದಿನ ಗೊತ್ತೇ ಇರಲಿಲ್ಲ.

ಆದರೆ ಮಾರೋದು ಬೇಡ ಅನ್ನೋ ಮಾತಿಗೆ ನನ್ನದು ಸ್ವಲ್ಪ ತಕರಾರು. ಆಟಿಮಳೆ ಅಕ್ಕನಿಗೆ ಸಂಬಳ ಇದೆ, ಬೇಡದಿದ್ದರೆ ಬಿಡಲಿ. ಗುಂಪಿನಲ್ಲಿ ಬೀಡಿ ಕಟ್ಟುವವರು ಇದ್ದಾರೆ ಅಂದರಲ್ಲ. ಅವರು ಶನಿವಾರ ಮಧ್ಯಾಹ್ನ ಬಂದು ಕೂತರೆ ಅಷ್ಟು ಬೀಡಿ ಕಡಿಮೆ. ಅವರಿಗೆ ಹವ್ಯಾಸ ಅಂದರೆ ಖರ್ಚು. ಅವರ ಹತ್ತಿರ ಒಮ್ಮೆ ಕೇಳಿ ನೋಡಿ.

ನಾನು ಝುಮುಕಿ ಮಾಡುತ್ತೇನೆ. 3 ಮಿ.ಮೀ. ಪಟ್ಟಿಗಳನ್ನು ತುದಿಗೆ ತುದಿ ಅಂಟಿಸಿ ಉದ್ದ ಮಾಡಿ, ಬಿಗಿಯಾಗಿ ಬಿಲ್ಲೆ ಸುತ್ತಬೇಕು. ಆಮೇಲೆ ಗೋಲಿ ಅಥವಾ ಗುಂಡಗಿನ ಚಮಚದ ಬೆನ್ನಿನ ಮೇಲೆ ಇಟ್ಟು ನಿಧಾನ ಒತ್ತಿದರೆ ಸುತ್ತುಗಳು ಒಂದರಿಂದ ಒಂದು ಜಾರಿ ಗುಮ್ಮಟ ಆಗುತ್ತದೆ. ಅವಸರ ಮಾಡಿದರೆ ಮಧ್ಯದ ಸುತ್ತು ಪೂರಾ ಹೊರಗೆ ಬಂದು ಐಸ್‌ಕ್ರೀಮ್ ಕೋನ್. ಒಳಗಡೆ ಅಂಟು ಸವರಿ ಒಣಗಿಸಿ, ಇನ್ನೊಮ್ಮೆ ಸವರಿ. ಹೊರಗಡೆ ವಾರ್ನಿಷ್ ಎರಡು ಕೋಟ್. ಮೊದಲು ಒಂದು ಬೇಡದ ಸುರುಳಿಗೆ ಹಚ್ಚಿ ನೋಡಿ, ಕೆಲವು ಕೆಂಪು ಬಣ್ಣ ಬಿಡುತ್ತದೆ, ಪಕ್ಕದ ಬಿಳಿಯನ್ನೂ ಹಾಳು ಮಾಡುತ್ತದೆ. ವಾರ್ನಿಷ್ ಹಾಕಿದ್ದಕ್ಕೆ ನಾಲ್ಕು ಹನಿ ನೀರು ಬಿದ್ದರೆ ಏನೂ ಆಗಲ್ಲ. ಮಳೆಯಲ್ಲಿ ನೆನೆಯೋಕೆ ಹೋಗಬೇಡಿ ಅಷ್ಟೇ.

ವರಮಹಾಲಕ್ಷ್ಮಿ, ದಸರಾ ಹೊತ್ತಿಗೆ ಕೇಳುವವರು ಜಾಸ್ತಿ. ಸೀರೆಯ ಅಂಚಿನ ಫೋಟೋ ಕಳಿಸಿ ಇದೇ ಬಣ್ಣ ಬೇಕು ಅಂತಾರೆ. ಒಂದು ಜೊತೆ 120 ಅಂದರೆ ಬರೋ ಉತ್ತರ ನನಗೆ ಬಾಯಿಪಾಠ: "ಪೇಪರ್ ತಾನೇ?" ಅಂಥವರಿಗೆ ನಾನು ವಾದ ಮಾಡಲ್ಲ. ಒಂದು ಪಟ್ಟಿ, ಒಂದು ಸೂಜಿ ಕೈಗೆ ಕೊಟ್ಟು "ಒಂದು ಬಿಲ್ಲೆ ಸುತ್ತಿ, ಅಷ್ಟರಲ್ಲಿ ಕಾಫಿ ತರ್ತೀನಿ" ಅಂತೀನಿ. ಕಾಫಿ ಬರೋ ಹೊತ್ತಿಗೆ 120 ಕೊಟ್ಟಿರುತ್ತಾರೆ.

---

ಆಟಿಮಳೆ (ಪುತ್ತೂರು)

ಕಾಕಾ, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಪಟ್ಟಿ ಚಾಚಿ ನೋಡುವ ಪರೀಕ್ಷೆ ಈಗಷ್ಟೇ ಮಾಡಿದೆ, ಒಂದು ಪಟ್ಟಿ ನಿಜಕ್ಕೂ ತಲೆ ಬಗ್ಗಿಸಿತು! ಮಗಳು ಬಂದು "ಅಮ್ಮ ಎಂತ ಮಾಡ್ತಿದ್ದೀ" ಅಂತ ಕೇಳಿ, ಅವಳೂ ಒಂದು ಜೊತೆ ಕತ್ತರಿಸಿಕೊಂಡು ಹೋದಳು.

ಎರಡು ಸಣ್ಣ ಪ್ರಶ್ನೆ. ಹಿಂದೆ ಹಾಳೆ ಅಂಟಿಸೋದಕ್ಕೆ ಫೆವಿಕಾಲ್ ಸಾಕಾ, ಅಥವಾ ನೀವು ಬೈಂಡಿಂಗಿಗೆ ಮಾಡುವ ಮೈದಾ ಅಂಟು ಬೇಕಾ? ಮತ್ತೆ ಇಲ್ಲಿ ಆಟಿ ತಿಂಗಳು (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಬಂದರೆ ಗೋಡೆಯ ಫೋಟೋ ಹಿಂದೆಯೂ ಬೂಷ್ಟು ಹಿಡಿಯುತ್ತದೆ. ಪಟ್ಟಿ ಎಲ್ಲಿ ಇಡಲಿ?

ಝುಮುಕಿ ಅವರೇ, ನೀವು ಹೇಳಿದ್ದು ಸರಿ. ಬೀಡಿ ಕಟ್ಟುವವರ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಕೇಳುತ್ತೇನೆ. ಅವರಿಗೆ ಬೇಕಾದರೆ ಝುಮುಕಿ ಮೇಜು ಒಂದು ಬೇರೆ ಮಾಡೋಣ, ಲೆಕ್ಕ ಬರೆಯೋದು ನನಗೆ ಕಷ್ಟ ಅಲ್ಲ. ನನ್ನದು ಮಾತ್ರ ಮಾರಾಟಕ್ಕಿಲ್ಲ.

---

ಬೈಂಡರ್ ಕಾಕಾ (ಗದಗ-ಬೆಟಗೇರಿ)

ಮೈದಾ ಅಂಟು ನಿಮ್ಮ ಊರಿಗೆ ಬೇಡ. ಅದು ಹುಳಕ್ಕೆ ಊಟ. ನಾವು ಅದರಲ್ಲಿ ಮೈಲುತುತ್ತ ಹಾಕಿ ಕುದಿಸುತ್ತಿದ್ದೆವು, ಹುಳ ಬರಬಾರದು ಅಂತ. ಅದು ವಿಷ. ಅಂಗನವಾಡಿಯವರು, ಮಕ್ಕಳು ಬರೋ ಮೇಜಿನ ಹತ್ತಿರ ತರಲೇಬಾರದು. ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ, ಬ್ರಶ್ಶಿನಲ್ಲಿ ತೆಳುವಾಗಿ ನಡುವಿನಿಂದ ಅಂಚಿನ ಕಡೆಗೆ ಎಳೆಯಿರಿ. ಹಾಳೆ ಕೂರಿಸಿದ ಮೇಲೆ ಒಣ ಬಟ್ಟೆಯಿಂದ ಒತ್ತಿ ಗಾಳಿ ಹೊರಗೆ ಹಾಕಿ. ನೀರು ಎಷ್ಟು ಕಡಿಮೆಯೋ ಡೊಂಕು ಅಷ್ಟು ಕಡಿಮೆ.

ಪಟ್ಟಿ ಇಡೋಕೆ ಮುಚ್ಚಳ ಬಿಗಿ ಇರೋ ಸ್ಟೀಲ್ ಡಬ್ಬ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಸಿಲಿಕಾ ಜೆಲ್ ಪೊಟ್ಟಣ ಬರುತ್ತದಲ್ಲ, ಅದನ್ನು ಎಸೆಯದೆ ಡಬ್ಬಕ್ಕೆ ಹಾಕಿ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಸುತ್ತೋದಕ್ಕೆ ಕೂರುವಾಗ ಬೇಕಾದಷ್ಟೇ ಹೊರಗೆ ತೆಗೆಯಿರಿ. ಥರ್ಮಕೋಲಿನ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸುತ್ತಿದ್ದರೆ ಎಚ್ಚರ, ಮಳೆಗಾಲದಲ್ಲಿ ಹಸಿ ಅಂಟಿಗೆ ಸೂಜಿ ತುಕ್ಕು ಹಿಡಿದು ಹೂವಿಗೆ ಕಂದು ಚುಕ್ಕೆ ಬೀಳುತ್ತದೆ. ಸ್ಟೇನ್‌ಲೆಸ್ ಸೂಜಿ ತಗೊಳ್ಳಿ.

ಝುಮುಕಿ ತಾಯೀ, ಕಾಫಿ ಉಪಾಯ ಭಾರಿ ಇದೆ. ನಮ್ಮ ಕಂಡಕ್ಟರ್ ಮೇಲೆ ಪ್ರಯೋಗ ಮಾಡುತ್ತೇನೆ.

---

ಮಂಜುಮನೆ (ಇಂಗ್ಲೆಂಡ್)

ಮೂಲತಃ ಶಿವಮೊಗ್ಗದವಳು, ಈಗ ಇಲ್ಲಿ. ಒದ್ದೆ ಹವೆ ಅಂದರೆ ನಮಗೂ ಕಡಿಮೆ ಇಲ್ಲ.

ಇಲ್ಲಿ 18ನೇ ಶತಮಾನದಲ್ಲಿ ಶ್ರೀಮಂತರ ಮನೆಯ ಹೆಂಗಸರಿಗೆ ಇದು ದೊಡ್ಡ ಹುಚ್ಚು ಆಗಿತ್ತು. ಬಡಗಿಗಳು ಚಹಾಪುಡಿ ಇಡುವ ಮರದ ಪೆಟ್ಟಿಗೆಗಳನ್ನು ಮಾಡುವಾಗ ಬದಿಗಳಲ್ಲಿ ತಗ್ಗು ಬಿಟ್ಟು ಖಾಲಿ ಕೊಡುತ್ತಿದ್ದರು. ಮನೆಯವರು ಆ ತಗ್ಗಿನ ತುಂಬ ಸುರುಳಿ ತುಂಬಿಸೋದು. ರಾಜ ಮೂರನೇ ಜಾರ್ಜನ ಮಗಳು ಎಲಿಜಬೆತ್ ಕೂಡ ಈ ಕೆಲಸ ಮಾಡುತ್ತಿದ್ದಳು. ಆ ಕಾಲದ ಪೆಟ್ಟಿಗೆಗಳು ಈಗಲೂ ಉಳಿದಿವೆ. ತಗ್ಗಿನಲ್ಲಿ ಕೂತಿರೋದರಿಂದ ಕೈ, ಬಟ್ಟೆ, ಧೂಳು ಯಾವುದೂ ಅಷ್ಟಾಗಿ ತಾಗಿಲ್ಲ. ಕ್ವಿಲ್ಲಿಂಗ್ ಮಾಡುವವರ ಸಂಘವೂ 1983ರಿಂದ ಇಲ್ಲಿದೆ.

ಹೇಳಬೇಕಾಗಿದ್ದು ಆ ತಗ್ಗಿನ ವಿಷಯ. ಅಕ್ಕ, ಮುಗಿದ ಕೆಲಸವನ್ನು ಸಾದಾ ಫೋಟೋ ಫ್ರೇಮಿಗೆ ಹಾಕಬೇಡಿ. ಗಾಜು ಸುರುಳಿಯನ್ನು ಒತ್ತಿ ಮಲಗಿಸುತ್ತದೆ. ಗಾಜಿಗೆ ಅಂಟಿಕೊಂಡರೆ ಅದರ ಒಳಮೈಯಲ್ಲಿ ನಿಂತ ನೀರು ನೇರ ಕಾಗದಕ್ಕೆ. ಫ್ರೇಮ್ ಹಾಕುವವರ ಹತ್ತಿರ ಗಾಜಿಗೂ ರಟ್ಟಿಗೂ ನಡುವೆ ಅರ್ಧ ಇಂಚು ಮರದ ಪಟ್ಟಿ ಇಡೋಕೆ ಹೇಳಿ. ದೇವರ ಪಟಕ್ಕೆ ಮುತ್ತು, ಜರಿ ಹಾಕಿ ಆಳ ಫ್ರೇಮ್ ಮಾಡುತ್ತಾರಲ್ಲ, ಅದೇ ತರ ಅಂದರೆ ಅವರಿಗೆ ಗೊತ್ತಾಗುತ್ತದೆ. ಹಿಂದುಗಡೆ ಗೋಡೆಗೂ ಫ್ರೇಮಿಗೂ ನಡುವೆ ಕೆಳಗೆ ಎರಡು ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಬಿಸಿಲು ಬೀಳೋ ಗೋಡೆ ಬೇಡ, ಬಣ್ಣ ಹೋಗುತ್ತದೆ.

---

ಆಟಿಮಳೆ (ಪುತ್ತೂರು)

ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಮೊದಲ ಸಲ ಕೂತೆವು. ದ್ರಾಕ್ಷಿಯೇ ಮಾಡಿದೆವು. ಕಾಕಾ ಹೇಳಿದ ಹಾಗೆ ಬೀಡಿ ಕಟ್ಟುವ ಅಕ್ಕಂದಿರಿಗೆ ಟೂಲೇ ಬೇಡ. ಪಟ್ಟಿಯ ತುದಿಯನ್ನು ಹೆಬ್ಬೆರಳಿನಲ್ಲಿ ಒಂದು ಸಲ ಮುರಿದು, ಬೆರಳ ನಡುವೆಯೇ ಉರುಳಿಸಿ ಮುಗಿಸಿದರು. ನಾನು ಒಂದು ಸುತ್ತುವಾಗ ಅವರದ್ದು ಮೂರು ಆಗುತ್ತಿತ್ತು. ಸುರುಳಿಯ ನಡುವೆ ತೂತು ಅನ್ನೋದೇ ಇಲ್ಲ! ಅಜ್ಜಿಗೆ 10 ಮಿ.ಮೀ. ಪಟ್ಟಿ ಹಿಡಿಸಿತು, ಆದರೆ ಅವರು ದ್ರಾಕ್ಷಿ ಬೇಡ ಅಂತ ಹಟ ಹಿಡಿದು ಅಡಿಕೆ ಗೊನೆ ಮಾಡಿದರು. ಹಳದಿ, ಕಿತ್ತಳೆ ಸುರುಳಿ, ಮೇಲೆ ಹಸಿರು ತೊಟ್ಟು. ದ್ರಾಕ್ಷಿಗಿಂತ ಅದೇ ಚಂದ ಬಂದಿದೆ. ಅದಕ್ಕೇ ಮುಂದಿನ ವಾರದಿಂದ ಎಲ್ಲರೂ ಸೇರಿ ಗ್ರಂಥಾಲಯದ ಗೋಡೆಗೆ ಒಂದು ದೊಡ್ಡ ಅಡಿಕೆ ಗೊನೆ ಅಂತ ತೀರ್ಮಾನ.

ಬೀಡಿ ಅಕ್ಕಂದಿರ ಹತ್ತಿರ ಝುಮುಕಿ ವಿಷಯ ಎತ್ತಿದೆ. ಒಬ್ಬರು "ಮಾಡುವ" ಅಂದರು. ಇನ್ನೊಬ್ಬರು "ವಾರವಿಡೀ ಲೆಕ್ಕಕ್ಕೆ ಸುತ್ತುವುದು ಇದ್ದದ್ದೇ, ಇಲ್ಲಿ ಲೆಕ್ಕ ಬೇಡ ಮಾರಾಯ್ತಿ" ಅಂದುಬಿಟ್ಟರು. ಹಾಗಾಗಿ ಬೇಕಾದವರಿಗೆ ಝುಮುಕಿ, ಬೇಡದವರಿಗೆ ಅಡಿಕೆ.

ಇಲ್ಲಿನ ಪ್ರೆಸ್ಸಿನಲ್ಲಿ ಕೇಳಿದೆ ಕಾಕಾ. ಈಗ ಮಳೆಗಾಲ, ಮದುವೆ ಕಾರ್ಡು ಇಲ್ಲ, ಬರೀ ಬಿಳಿ ಟ್ರಿಮ್ಮಿಂಗ್ ಅಂದರು. ಒಂದು ಚೀಲ ಬಿಳಿ ತಂದಿಟ್ಟಿದ್ದೇನೆ. ಹಳದಿ, ಕಿತ್ತಳೆಗೆ ಏನು ಮಾಡಲಿ? ಬಿಳಿಗೆ ಬಣ್ಣ ಹಾಕಬಹುದಾ?

---

ಬೈಂಡರ್ ಕಾಕಾ (ಗದಗ-ಬೆಟಗೇರಿ)

ಮಳೆಗಾಲದಲ್ಲಿ ಪಟ್ಟಿಗೆ ನೀರು ಬಣ್ಣ ಹಾಕಿದರೆ ಸುಕ್ಕು ಬರುತ್ತದೆ, ಬೇಡ. ಬಿಳಿಯನ್ನು ಅಡಿಕೆಯ ಹಿಂಗಾರಕ್ಕೆ ಇಟ್ಟುಕೊಳ್ಳಿ.

ಹಳದಿಗೆ ಚಿಂತೆ ಯಾಕೆ? ಮದುವೆ ಕಾರ್ಡಿನ ಒಳ ಹಾಳೆಯಲ್ಲಿ ಅರಿಶಿನದ ಬಣ್ಣ ಬಿಟ್ಟು ಬೇರೆ ಏನಿರುತ್ತದೆ! ನನ್ನ ಹತ್ತಿರ ಹೋದ ಸೀಸನ್ನಿನದ್ದು ಒಂದು ಗೋಣಿಚೀಲ ಬಿದ್ದಿದೆ. ಕಿತ್ತಳೆಯೂ ಇದೆ. ವಿಳಾಸವನ್ನು ಇಲ್ಲಿ ಹಾಕಬೇಡಿ, ಖಾಸಗಿ ಮೆಸೇಜಿನಲ್ಲಿ ಕಳಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪಾರ್ಸೆಲ್ ಮಾಡುತ್ತೇನೆ. ಬಂದ ಕೂಡಲೇ ಡಬ್ಬಕ್ಕೆ ಹಾಕಿ. ಕೆಲವು ಪಟ್ಟಿಯ ಅಂಚಿನಲ್ಲಿ ಅಚ್ಚಿನ ಗುರುತಿನ ಕಪ್ಪು ಗೆರೆ ಇರುತ್ತದೆ, ಆ ಅಂಚು ರಟ್ಟಿನ ಕಡೆಗೆ ಬರೋ ಹಾಗೆ ಸುತ್ತಿ. ಹಸಿರು ಮಾತ್ರ ಕೇಳಬೇಡಿ, ಅದನ್ನು ನಮ್ಮ ನೇಕಾರರ ಹೆಣ್ಣುಮಕ್ಕಳು ನವಿಲಿಗೆ ಅಂತ ಎತ್ತಿಟ್ಟಿದ್ದಾರೆ, ಮುಟ್ಟಿದರೆ ಜಗಳ.